ಅರವತ್ತೆರಡು ಊರಿಗೆ ಒಂದೇ ಅಚ್ಚು

ನನ್ನ ಮೊಮ್ಮಗಳು ಜನ್ನತ ಟೀಚರ್ ಆದಳು. ಇದನ್ನು ಮೊದಲು ಬರೆಯದಿದ್ದರೆ ಮುಂದಿನದಕ್ಕೆ ನನ್ನ ಪೆನ್ನು ಹೋಗುವುದೇ ಇಲ್ಲ. ಗದುಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ, ಹೆಣ್ಣುಮಕ್ಕಳ ತಂಡಕ್ಕೆ, ಈ 1989ರ ನವೆಂಬರಿನಿಂದ ಅವಳೇ ಕಲಿಸುತ್ತಾಳೆ. ಅರಳೆ ಬೀಜ ಬೆಳೆಯುವ ರೈತರ ಸಂಘಕ್ಕೆ ಅವಳು ಮಾಡಿಕೊಟ್ಟ ಅರವತ್ತೆರಡು ಊರಿನ ಕಾಗದಗಳು ಒಂದೂ ತಪ್ಪಿಲ್ಲದೆ ಪಾಸಾದವು. ಅರವತ್ತೆರಡರಲ್ಲಿ ಒಂದೂ ತಪ್ಪಿಲ್ಲ. ಮತ್ತೊಮ್ಮೆ ಬರೆದೆ, ಸಿಟ್ಟಾಗಬೇಡಿ.

ಈ ಸುದ್ದಿಯನ್ನು ಬೆಟಗೇರಿಯ ನಮ್ಮ ಓಣಿಯಲ್ಲಿ ಮನೆಗೆ ಎರಡು ಸಲದಂತೆ ಹೇಳಿ ಮುಗಿಸಿದ್ದೇನೆ. ಮೂರನೆಯ ಸಲ ಹೋದರೆ ಜನ ಚಹಾ ಕುಡಿಸಿ ಮಾತು ಬದಲಿಸುತ್ತಾರೆ. ಅದಕ್ಕೇ ಬರೆಯಲು ಕುಳಿತೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಕ್ಷರದ ತಪ್ಪುಗಳನ್ನು ಜನ್ನತ ತಿದ್ದಿಕೊಡುತ್ತಾಳೆ. ನಾನು ಮಾಡಿದ ತಪ್ಪನ್ನು ಮಾತ್ರ ತಿದ್ದಬೇಡ, ಇದ್ದ ಹಾಗೇ ಇರಲಿ ಎಂದು ಹೇಳಿದ್ದೇನೆ. ಯಾಕೆಂದರೆ ಆ ಕಾಗದಗಳು ಪಾಸಾಗುವ ಮೊದಲು ನಾನು ಒಂದು ಕಾಗದವನ್ನು ಕದ್ದಿದ್ದೆ.

ನನ್ನ ಹೆಸರು ದಾವಲಸಾಬ. ನಾವು ಪಿಂಜಾರರು, ಅರಳೆ ಹಿಂಜುವ ಮನೆತನ. ಆದರೆ ನನ್ನ ಕೈ ಸಣ್ಣಂದಿನಲ್ಲೇ ತಗಡಿನ ಕಡೆಗೆ ಹೋಯಿತು. ಅರಳೆ ಪೇಟೆಗೆ ಬರುವ ಅಂಡಿಗೆಗಳ, ಅಂದರೆ ಅರಳೆಯ ದೊಡ್ಡ ಮೂಟೆಗಳ ಮೇಲೆ ಸಾಹುಕಾರರ ಮಾರ್ಕು ಹೊಡೆಯುತ್ತಾರಲ್ಲ, ಆ ಮಾರ್ಕಿನ ಅಚ್ಚು ಕೊರೆಯುವುದು ನನ್ನ ಕಸುಬು. ಎಣ್ಣೆಯ ಡಬ್ಬಿ ಬಿಚ್ಚಿ, ತಗಡನ್ನು ಬಡಿದು ಸಪಾಟು ಮಾಡಿ, ಅಕ್ಷರ ಬರೆದು, ಉಳಿಯಿಂದ ಕೊರೆಯುತ್ತೇನೆ. ಅಚ್ಚನ್ನು ಅಂಡಿಗೆಯ ಮೇಲಿಟ್ಟು ಕಪ್ಪು ಬಣ್ಣದ ಕುಂಚ ಆಡಿಸಿದರೆ ಹೆಸರು ಮೂಡುತ್ತದೆ. ಎಲ್ಲ ಅಂಡಿಗೆಗೂ ಹೆಸರು ಅದೇ, ನಂಬರು ಮಾತ್ರ ಬೇರೆ ಬೇರೆ. ಅದಕ್ಕಾಗಿ ನಂಬರಿನ ಜಾಗವನ್ನು ಚೌಕಾಗಿ ಖಾಲಿ ಬಿಟ್ಟು, ಅಲ್ಲಿ ಬೇಕಾದ ನಂಬರಿನ ಸಣ್ಣ ತಗಡು ಸಿಗಿಸುವ ಹಾಗೆ ಮಾಡುತ್ತೇನೆ. ಮಾರ್ಕುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಹೀಗಾಗಿ ನನಗೆ ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ ಬರುತ್ತವೆ, ಇಂಗ್ಲಿಷ್ ಬರುವುದಿಲ್ಲ.

ಇನ್ನು ನನ್ನ ಅನುಮಾನದ ಸಂಗತಿ. ಅದು ಹುಟ್ಟಿದ್ದು 1974ರಲ್ಲಿ. ಬಿಳಿ ಧೋತರ ಉಟ್ಟ, ಬಹಳ ಮೃದು ಮಾತಿನ ಒಬ್ಬ ಮನುಷ್ಯ ಬಂದು, ಚೀಟಿಯ ಮೇಲೆ ಒಂದು ಮಾರ್ಕು ಬರೆದುಕೊಟ್ಟು, ಇದರ ಅಚ್ಚು ಬೇಕು ಎಂದ. ಯಾರ ಮಾರ್ಕು ಎಂದು ನಾನು ಕೇಳಲಿಲ್ಲ. ಕೊರೆದು ಕೊಟ್ಟೆ. ಹದಿನೈದು ದಿನಕ್ಕೆ ಲಕ್ಷ್ಮೇಶ್ವರದ ಒಬ್ಬ ಸಾಹುಕಾರ ಪೇಟೆಗೆ ಬಂದು ನೋಡಿದರೆ, ಯಾರದೋ ತೊಯ್ದು ಕಲೆ ಬಿದ್ದ ಅರಳೆಯ ಅಂಡಿಗೆಗಳ ಮೇಲೆ ಅವನ ಮಾರ್ಕು. ಅಚ್ಚು ಕೊರೆಯುವವರು ಗದುಗಿನಲ್ಲಿ ಎಷ್ಟು ಜನ ಇದ್ದಾರು. ಸೀದಾ ನನ್ನ ಹತ್ತಿರ ಬಂದರು. ಪೇಟೆಯ ನಡುವೆ ಬಿಸಿಲಿನಲ್ಲಿ ನಿಲ್ಲಿಸಿದರು. ಮುಂಜಾನೆಯಿಂದ ಸಂಜೆಯತನಕ ಪೊಲೀಸ್ ಚೌಕಿಯ ಕಟ್ಟೆಯ ಮೇಲೆ ಕೂರಿಸಿದರು. ಕಡೆಗೆ ನನ್ನ ತಪ್ಪಿಲ್ಲ ಎಂದು ಗೊತ್ತಾಯಿತು, ಬಿಟ್ಟರು. ಆದರೆ ಆ ದಿನ ನನ್ನನ್ನು ನೋಡಿದ ಕಣ್ಣುಗಳನ್ನು ನಾನು ಮರೆತಿಲ್ಲ.

ಅವತ್ತಿನಿಂದ ಎರಡು ಪದ್ಧತಿ ಇಟ್ಟುಕೊಂಡೆ. ನಾನು ಕೊರೆದ ಯಾವ ಅಚ್ಚಾದರೂ ಕಡೆಯ ಅಕ್ಷರದ ಬುಡದಲ್ಲಿ ಒಂದು ಸಣ್ಣ ಕಚ್ಚು ಬಿಡುತ್ತೇನೆ, ನನ್ನದೆಂದು ನನಗೆ ಗೊತ್ತಾಗಲಿ ಎಂದು. ಕೊಡುವ ಮೊದಲು ಪ್ರತಿ ಅಚ್ಚನ್ನೂ ನಮ್ಮ ಪಡಸಾಲೆಯ ಗೋಡೆಯ ಮೇಲೆ ಒಮ್ಮೆ ಹೊಡೆದು, ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಅಚ್ಚು ತಿದ್ದಿದರೆ ಮತ್ತೆ ಹೊಡೆದು ಮತ್ತೆ ತಾರೀಖು. ಸುಣ್ಣ ಬಳಿಯಲು ನಾನು ಬಿಡುವುದಿಲ್ಲ. ಹಬ್ಬ ಬಂದಾಗಲೆಲ್ಲ ನನ್ನ ಹೆಂಡತಿ ಹುಸೇನಬಿಗೂ ನನಗೂ ಆ ಗೋಡೆಯ ಮೇಲೇ ಜಗಳ.

ಮೂರನೆಯದೊಂದು ತಾನೇ ಬಂದು ಸೇರಿತು. ಯಾರನ್ನೂ ನಂಬದಾದೆ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. ಮೃದುವಾಗಿ ಮಾತಾಡುವವರನ್ನು ಕಂಡರಂತೂ ಉಳಿಯನ್ನು ಕೈಯಿಂದ ಕೆಳಗಿಡುವುದಿಲ್ಲ.

ಜನ್ನತ ನನ್ನ ಮಗ ಇಮಾಮನ ಹಿರಿಯ ಮಗಳು. ಇಮಾಮ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುತ್ತಾನೆ. ಅವಳು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಈ ವರ್ಷ ಕಂಪ್ಯೂಟರ್ ಕಲಿಯುತ್ತೇನೆಂದಳು. ಇಮಾಮನಿಗೆ ಮನಸ್ಸಿರಲಿಲ್ಲ, ನಿಮ್ಮಜ್ಜ ಒಪ್ಪಿದರೆ ಹೋಗು ಎಂದು ನನ್ನ ಮೇಲೆ ಹಾಕಿದ. ಅವಳು ಬಂದು ನನ್ನ ಮುಂದೆ ಕುಳಿತು ತಗಡಿನ ಚೂರು ಆರಿಸತೊಡಗಿದಳು. ನಾನು ಒಪ್ಪಿದೆ. ಅಂದ ಮೇಲೆ ಮುಂದೆ ಏನಾದರೂ ಎಡವಟ್ಟಾದರೆ ಅದು ನನ್ನ ತಲೆಗೇ ಬರುವುದು.

ಎಂಟು ತಿಂಗಳು ಕಲಿತಳು. ದೀಪಾವಳಿಯ ಮರುವಾರ ಅವಳ ಮಾಸ್ತರರು ಒಂದು ಕೆಲಸ ಕೊಟ್ಟರಂತೆ. ಬೀಜ ಬೆಳೆಗಾರರ ಸಂಘಕ್ಕೆ ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಅರವತ್ತೆರಡು ಊರಿಗೆ ಊರಿಗೊಂದರಂತೆ ತಪಾಸಣೆಯ ಕಾಗದ ಬೇಕಿತ್ತು. ಮೇಲೆ ಊರಿನ ಹೆಸರು, ಕೆಳಗೆ ಆ ಊರಿನಲ್ಲಿ ಬೀಜಕ್ಕೆಂದು ಅರಳೆ ಹಾಕಿದ ರೈತರ ಹೆಸರು. ಅಧಿಕಾರಿ ಅದನ್ನು ಹಿಡಿದುಕೊಂಡು ಹೊಲಕ್ಕೆ ಬರುತ್ತಾನೆ. ಕಾಗದದಲ್ಲಿ ಹೆಸರಿಲ್ಲದವನ ಹೊಲ ನೋಡುವುದಿಲ್ಲ, ನೋಡದ ಹೊಲದ ಬೀಜ ಸಂಘ ತೆಗೆದುಕೊಳ್ಳುವುದಿಲ್ಲ. ಈ ಕೆಲಸ ಸರಿಯಾದರೆ ಹೆಣ್ಣುಮಕ್ಕಳ ತಂಡಕ್ಕೆ ನೀನೇ ಟೀಚರ್, ಕೆಟ್ಟರೆ ಬೇರೆಯವರನ್ನು ನೋಡುತ್ತೇನೆ ಎಂದು ಮಾಸ್ತರರು ಖಡಾಖಂಡಿತ ಹೇಳಿದ್ದರು.

ಒಂದು ಸಂಜೆ ಅವಳು ಕುಣಿಯುತ್ತಲೇ ಮನೆಗೆ ಬಂದಳು. ನಾನು ಪಡಸಾಲೆಯಲ್ಲಿ ತಗಡು ಕೊರೆಯುತ್ತಿದ್ದೆ.

"ಅಜ್ಜಾ, ಇನ್ನ ನಾನೂ ನಿನ್ನಂಗ ಅಚ್ಚಿನಾಕಿ ನೋಡು. ಒಂದ ಅಚ್ಚು ಮಾಡೀನಿ. ಅರವತ್ತೆರಡು ಊರಿನ ಕಾಗದ ತಾವ ಬರ್ತಾವು."

ನನ್ನ ಉಳಿ ನಿಂತಿತು. ಅವಳು ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಟೆಂಪ್ಲೇಟ್ ಅಂತ ಒಂದು ಖಾಲಿ ಕಾಗದ ಇರುತ್ತದಂತೆ, ಅದು ನನ್ನ ತಗಡಿನ ಅಚ್ಚಿದ್ದ ಹಾಗೆ. ಒಂದೊಂದು ಊರಿನ ರೈತರ ಹೆಸರಿನ ಯಾದಿ ಬೇರೆ ಬೇರೆ ಇರುತ್ತದಂತೆ. ಇವೆರಡನ್ನು ಕೂಡಿಸುವುದು ಹೇಗೆ ಎಂದು ಮೇಕ್‌ಫೈಲ್ ಎಂಬುದರಲ್ಲಿ ಎರಡು ಸಾಲಿನ ಕಟ್ಟಳೆ ಬರೆಯಬೇಕು. ಊರಿನ ಹೆಸರು ಬರುವ ಜಾಗದಲ್ಲಿ ಹೆಸರಿನ ಬದಲು ಶೇಕಡಾ ಗುರುತು, ಅದೇ ಸೊನ್ನೆ, ಅಡ್ಡಗೆರೆ, ಸೊನ್ನೆ. ಹಿರೇಹಂದಿಗೋಳದ ಕಾಗದ ಬೇಕು ಅಂದರೆ ಆ ಗುರುತಿನ ಜಾಗದಲ್ಲಿ ಹಿರೇಹಂದಿಗೋಳ ತಾನೇ ಬಂದು ಕೂರುತ್ತದೆ. ಅರವತ್ತೆರಡು ಸಲ ಬರೆಯುವ ಗೋಜಿಲ್ಲ.

ನಾನು ಕೇಳಿದೆ, "ಕೆಳಗ ಸಹಿ ಯಾರದು?"

"ಅಧಿಕಾರಿದು. ಆ ಜಾಗಾ ಖಾಲಿ ಬಿಟ್ಟೀನಿ."

ಖಾಲಿ ಬಿಟ್ಟೀನಿ ಎಂದಳಲ್ಲ, ನನಗೆ ಹದಿನೈದು ವರ್ಷದ ಹಿಂದಿನ ಆ ಚೀಟಿ ನೆನಪಾಯಿತು. ಒಂದು ಅಚ್ಚು, ಬೇಕಾದಷ್ಟು ಕಾಗದ, ಬೇಕಾದ ಹೆಸರು, ಮೇಲೆ ಸಹಿಗೆ ಖಾಲಿ ಜಾಗ. ಕಳ್ಳ ಕಾಗದಕ್ಕೆ ಇನ್ನೇನು ಬೇಕು. ಈ ಹುಡುಗಿಗೆ ಏನೂ ತಿಳಿಯುವುದಿಲ್ಲ, ಬರೆದುಕೊಟ್ಟ ಚೀಟಿ ನೋಡಿ ಕೊರೆಯುತ್ತಿದ್ದಾಳೆ, ನಾನು ಕೊರೆದ ಹಾಗೆ. ಕೇಳಿದರೆ ನಕ್ಕಾಳು. ನಾನು ಬಾಯಿ ಮುಚ್ಚಿಕೊಂಡು ಕಣ್ಣು ತೆರೆದೆ.

ಕಣ್ಣು ತೆರೆದ ಮೇಲೆ ಕಂಡದ್ದೆಲ್ಲ ಸಂಶಯವೇ. ಅವಳ ಚೀಲದಲ್ಲಿ ಕರಿಯ ಚೌಕನೆಯ ಹಾಳೆಯಂಥದೊಂದು ಲಕೋಟೆಯೊಳಗೆ ಇತ್ತು. ಫ್ಲಾಪಿ ಅಂತ ಅದರ ಹೆಸರು, ಎಲ್ಲ ಕಾಗದವೂ ಅದರೊಳಗೇ ಇವೆಯಂತೆ. ತಗಡಿನ ಚೂರು ಆರಿಸಲು ನನ್ನಲ್ಲೊಂದು ಅಯಸ್ಕಾಂತವಿದೆ. ಅದನ್ನು ಅವಳ ಚೀಲದ ಹತ್ತಿರ ಇಟ್ಟದ್ದೇ ತಡ, ಓಡಿಬಂದು ಚೀಲ ಕಸಿದುಕೊಂಡಳು. ಅಯಸ್ಕಾಂತ ಹತ್ತಿರ ಬಂದರೂ ಎಲ್ಲ ಅಳಿಸಿಹೋಗುತ್ತದೆ ಎಂದಳು. ಮುಟ್ಟದೆಯೂ ಅಳಿಸಿಹೋಗುವ ಕಾಗದ ಎಂಥ ಕಾಗದ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಶುಕ್ರವಾರ ನಮಾಜು ಮುಗಿಸಿ ಸೀದಾ ಆ ಕ್ಲಾಸಿಗೆ ಹೋದೆ. ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಇದೇನು ಮಸೀದಿಯೇ, ಗುಡಿಯೇ. ಒಳಗಿನ ಕೋಣೆಗೆ ಗಾಜಿನ ಬಾಗಿಲು, ಅದಕ್ಕೆ ಪರದೆ, ಹಾಡುಹಗಲೇ ಕಿಟಕಿಯೆಲ್ಲ ಮುಚ್ಚಿದ್ದಾರೆ. ಪರದೆಯ ಸಂದಿಯಿಂದ ತಂಪು ಗಾಳಿ ಬರುತ್ತಿತ್ತು. ಧೂಳಿಗೆ ಮಷೀನು ಕೆಡುತ್ತದಂತೆ. ಗದುಗಿನಲ್ಲಿ ಇದ್ದುಕೊಂಡು ಧೂಳಿಗೆ ಹೆದರುವವರನ್ನು ನಾನು ಮೊದಲ ಸಲ ನೋಡಿದೆ.

ಮಾಸ್ತರರು ಹೊರಗೆ ಬಂದರು. ಮೂವತ್ತರ ವಯಸ್ಸು, ಕನ್ನಡಕ, ಮಾತು ಬಹಳ ಮೃದು. "ಬರ್ರಿ ಅಜ್ಜಾರ, ಕುಂಡ್ರಿ, ಚಾ ತರಸ್ತೀನಿ" ಎಂದರು. ನನಗೆ ಬಿಳಿ ಧೋತರದವನೇ ಕಣ್ಣ ಮುಂದೆ ಬಂದ. ಅವರು ಚಹಾ ಹೇಳಲು ಕೆಳಗಿಳಿದರು. ಜನ್ನತ ಗಾಜಿನಾಚೆ ಇದ್ದಳು. ನಾನು ಕುಳಿತ ಬೆಂಚಿನ ಪಕ್ಕದ ಮೇಜಿನ ಮೇಲೆ, ಸೋಮವಾರ ಕೊಡಬೇಕಾದ ಕಾಗದದ ಕಟ್ಟು ಇತ್ತು. ಸುತಲಿ ಬಿಗಿದಿರಲಿಲ್ಲ. ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದವು. ಆ ತೂತುಗಳ ಮೇಲೂ ಅನುಮಾನ ಬಂತು. ಹೆಬ್ಬೆರಳಿನಿಂದ ಸರಿಸುತ್ತ ಅಕ್ಷರ ಕೂಡಿಸಿ ಓದುತ್ತಾ ಹೋದೆ. ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಸಿಕ್ಕಿತು. ಮಾಗಡಿಯಲ್ಲಿ ಶಂಕ್ರಪ್ಪ ಎಂಬ ನನ್ನ ಹಳೆಯ ಗೆಳೆಯನಿದ್ದಾನೆ. ಆ ಹಾಳೆಯನ್ನು ಎಳೆದು, ಮಡಚಿ, ಜುಬ್ಬಾದೊಳಗೆ ಇಟ್ಟುಕೊಂಡೆ. ಚಹಾ ಬಂತು. ಕುಡಿದೆ. ಕದ್ದ ಹಾಳೆಯನ್ನು ಎದೆಗಿಟ್ಟುಕೊಂಡು ಅವರದೇ ಚಹಾ ಕುಡಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಮರುದಿನ ಮುಂಜಾನೆ ಲಕ್ಷ್ಮೇಶ್ವರದ ಬಸ್ಸು ಹತ್ತಿ ಮಾಗಡಿಯಲ್ಲಿ ಇಳಿದೆ. ಕೆರೆಗೆ ಆಗಲೇ ಹಕ್ಕಿಗಳು ಬಂದಿದ್ದವು. ಶಂಕ್ರಪ್ಪ ಹೊಲಕ್ಕೆ ಹೊರಟಿದ್ದವನು ನನ್ನನ್ನು ಕಂಡು ಚಹಾದ ಅಂಗಡಿಯ ಕಟ್ಟೆಯ ಮೇಲೆ ಕುಳಿತ. ಅವನಿಗೆ ಓದು ಬರುವುದಿಲ್ಲ, ಆದರೆ ಸುತ್ತಲ ಹತ್ತೂರ ಮಂದಿ ಗೊತ್ತು. ಆ ಸಂಘಕ್ಕೆ ಅವನೂ ಬೀಜ ಬೆಳೆಯುತ್ತಾನೆ. ನಾನು ಹಾಳೆ ಬಿಚ್ಚಿ ಒಂದೊಂದೇ ಹೆಸರನ್ನು ಕೂಡಿಸಿ ಓದಿದೆ. ಅವನು ಕಣ್ಣು ಸಣ್ಣ ಮಾಡಿಕೊಂಡು ಕೇಳಿದ. ಹದಿನಾಲ್ಕು ಹೆಸರು ಮುಗಿದವು.

"ನನ್ನ ಹೆಸರು ಎಲ್ಲೈತೋ ದಾವಲಸಾಬ?"

"ಇಲ್ಲ."

"ಹಂಗಾರ ಇದು ಮಾಗಡಿ ಕಾಗದ ಅಲ್ಲ ತಗಿ."

"ಮ್ಯಾಲೆ ಮಾಗಡಿ ಅಂತ ಐತಲ್ಲೋ."

"ಮ್ಯಾಲೆ ಏನರ ಇರಲಿ. ಆ ಫಕ್ಕೀರಪ್ಪ ಅಂದೆಲ್ಲಾ, ಅಂವ ಯಳವತ್ತಿಯಂವ. ನನ್ನ ತಂಗೀನ ಕೊಟ್ಟ ಮನಿ ಅದು. ಈ ಹದಿನಾಲ್ಕೂ ಮಂದಿ ಯಳವತ್ತಿಯವರು. ನಮ್ಮೂರವ ಒಬ್ಬಾಂವ ಇಲ್ಲ. ಯಾರು ಮಾಡ್ಯಾರೋ ಇದನ್ನ? ನನ್ನ ಹೊಲಾ ನೋಡಾಕ ಬರೂದಿಲ್ಲೇನು ಹಂಗಾರ?"

ನಾನು ಯಾರು ಮಾಡಿದ್ದೆಂದು ಹೇಳಲಿಲ್ಲ. ಅವನು ವರ್ಷವಿಡೀ ದುಡಿದ ಹೊಲದ ಕಡೆ ನೋಡುತ್ತ ಕುಳಿತ. ನಾನು ತಿರುಗಿ ಬರುವ ಬಸ್ಸಿನಲ್ಲಿ ಮನಸ್ಸಿನೊಳಗೇ ಮಾಸ್ತರರನ್ನು ಚೌಕಿಯ ಕಟ್ಟೆಯ ಮೇಲೆ ಕೂರಿಸಿದೆ, ಆಮೇಲೆ ಅವರ ಪಕ್ಕದಲ್ಲಿ ನನ್ನ ಜನ್ನತಳೂ ಕುಳಿತಂತೆ ಕಂಡು, ಕಿಟಕಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಸಂಜೆ ಅವಳು ಬಂದಾಗ ಹಾಳೆಯನ್ನು ಅವಳ ಮುಂದಿಟ್ಟೆ. ಹುಸೇನಬಿಯೂ ಸೊಸೆಯೂ ಒಳಗಿನಿಂದ ಬಂದು ನಿಂತರು.

"ನೀ ಕದ್ದಿ ಏನಜ್ಜಾ?" ಅಂದಳು.

"ಹೂಂ, ಕದ್ದೆ. ನೀವು ಮಾಡೂ ಕೆಲಸಾ ನೋಡಿದರ ನಂದು ಕಳುವ ಅಲ್ಲ. ಮಾಗಡಿ ಅಂತ ಬರದು ಯಳವತ್ತಿ ಮಂದಿ ಹೆಸರು ಯಾಕ ಹಾಕೀರಿ? ಯಾರು ಹೇಳಿದ್ರು ನಿನಗ ಹಿಂಗ ಮಾಡು ಅಂತ?"

ಅವಳಿಗೆ ಮೊದಲು ಸಿಟ್ಟು ಬಂತು. ಹಾಳೆ ಎತ್ತಿಕೊಂಡಳು. ಓದಿದಳು. ಇನ್ನೊಮ್ಮೆ ಓದಿದಳು. ನಿಂತವಳು ಅಲ್ಲೇ ಕುಳಿತುಬಿಟ್ಟಳು. ಅವಳ ಮುಖ ನೋಡಿದ ಕೂಡಲೇ ನನಗೆ ಒಂದು ಮಾತು ತಿಳಿಯಿತು, ಇವಳಿಗೆ ಇದು ಗೊತ್ತಿರಲಿಲ್ಲ. ಬೇಕೆಂದು ಮಾಡಿದವರ ಮುಖ ಹಾಗಾಗುವುದಿಲ್ಲ. 1974ರಲ್ಲಿ ನನ್ನ ಮುಖವೂ ಹೀಗೇ ಆಗಿತ್ತೇನೋ, ಯಾರೂ ನೋಡಲಿಲ್ಲ.

"ಅಜ್ಜಾ, ಮೊದಲು ಯಳವತ್ತಿದು ಒಂದ ಮಾಡಿ ನೋಡಿದ್ನಿ. ಛಲೋ ಬಂತು. ಆಮ್ಯಾಲೆ ಯಳವತ್ತಿ ಅನ್ನೂದನ್ನ ತಗದು ಗುರುತು ಇಡಬೇಕಾಗಿತ್ತು. ಮ್ಯಾಲಿನ ಹೆಸರಿಗೆ ಇಟ್ನಿ. ಕೆಳಗ, ಯಾದಿ ತಗೊಳ್ಳೂ ಕಡೆ, ಮರತ್ನಿ. ಅರವತ್ತೆರಡಕ್ಕೂ ಯಳವತ್ತಿ ಯಾದೀನ ಬಂದಿರತೈತಿ."

"ನೀ ನೋಡಲಿಲ್ಲೇನು?"

"ಮ್ಯಾಲಿನ ಊರಿನ ಹೆಸರು ನೋಡಿದ್ನಿ. ಎಲ್ಲಾ ಸರಿ ಇದ್ದೂ."

ಇಂಗ್ಲಿಷ್ ಬಾರದ ನನಗೆ ಅವಳ ತಪ್ಪು ಅರೆಗಳಿಗೆಯಲ್ಲಿ ಅರ್ಥವಾಯಿತು. ನಂಬರಿಗೆಂದು ಖಾಲಿ ಬಿಡಬೇಕಾದ ಚೌಕದಲ್ಲಿ ಮೊದಲ ಅಂಡಿಗೆಯ ನಂಬರನ್ನೇ ಕೊರೆದುಬಿಟ್ಟ ಹಾಗೆ. ಅದನ್ನು ನಾನೂ ಮಾಡಿದ್ದೇನೆ, ಒಮ್ಮೆಯಲ್ಲ. ಗೋಡೆಯ ಮೇಲಿದ್ದ ಅಂಥದೊಂದು ಮಾರ್ಕನ್ನು ತೋರಿಸಿದೆ. ನಾನು ತೋರಿಸಿದ್ದು ಅವಳಿಗೆ ಅಳು ಬಾರದಿರಲಿ ಎಂದು, ಅವಳು ಅದನ್ನು ನೋಡಿದ ಮೇಲೆ ಅತ್ತಳು. ಇಮಾಮ ಮಿಲ್ಲಿನಿಂದ ಬಂದು ಏನಾಯಿತೆಂದು ಕೇಳಿದ. ಹುಸೇನಬಿ, "ಅಜ್ಜ ಮೊಮ್ಮಗಳು ಕಸಬಿನ ಮಾತು ಆಡಾಕತ್ತಾರ, ನೀ ಕೈಕಾಲು ತೊಳಕೋ" ಎಂದು ಅವನನ್ನು ಹಿತ್ತಲಿಗೆ ಕಳಿಸಿದಳು.

ಮರುದಿನ ರವಿವಾರ. ಕ್ಲಾಸಿಗೆ ರಜೆ, ಆದರೂ ಮಾಸ್ತರರು ಅಲ್ಲಿರುತ್ತಾರೆ ಎಂದು ಜನ್ನತ ಹೇಳಿದಳು. ನಾನೂ ಅವಳ ಜೊತೆ ಹೊರಟೆ. ಅವಳ ಮೇಲಿನ ಅನುಮಾನ ಹೋಗಿತ್ತು, ಮಾಸ್ತರರ ಮೇಲಿನದು ಹಾಗೇ ಇತ್ತು. ನಾನು ಹಾಳೆ ಕದ್ದದ್ದನ್ನು ಅವರ ಮುಂದೆ ಹೇಳಿದೆ. ಅವರು ಬೈಯಲಿಲ್ಲ. ಯಳವತ್ತಿಯ ಯಾದಿಯನ್ನು ಮಾಗಡಿಯ ಹಾಳೆಯ ಪಕ್ಕ ಇಟ್ಟು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ನಾನೂ ಮೇಲಿನ ಹೆಸರಷ್ಟೇ ನೋಡಿದ್ದೆ ಎಂದರು. ತಪ್ಪನ್ನು ಇಷ್ಟು ಬೇಗ ಒಪ್ಪಿಕೊಂಡದ್ದೂ ನನಗೆ ಸಂಶಯವಾಗಿಯೇ ಕಂಡಿತು. ರೂಢಿಯಾಗಿಬಿಟ್ಟಿತ್ತು ನೋಡಿ.

ಅವತ್ತು ನನ್ನನ್ನು ಗಾಜಿನ ಬಾಗಿಲಿನೊಳಗೆ ಬಿಟ್ಟರು. ಬರಿಗಾಲಿಗೆ ನೆಲ ತಣ್ಣಗೆ ಕೊರೆಯುತ್ತಿತ್ತು. ಜನ್ನತ ಮಷೀನಿನ ಮುಂದೆ ಕುಳಿತು, ಹಸಿರು ಅಕ್ಷರಗಳ ನಡುವೆ ಆ ಎರಡು ಸಾಲು ಹುಡುಕಿ, ಉಳಿದುಕೊಂಡಿದ್ದ ಯಳವತ್ತಿ ಅಳಿಸಿ, ಗುರುತು ಇಟ್ಟಳು. ಆಮೇಲೆ ಮಷೀನಿಗೆ ಎಲ್ಲ ಕಾಗದ ಮತ್ತೆ ಮಾಡು ಎಂದು ಹೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ನಿಂತಿತು.

"ಏನಂತೈತಿ?" ಅಂದೆ.

"ಮಾಡೂದು ಏನೂ ಉಳಿದಿಲ್ಲ ಅಂತೈತಿ."

"ಆತು ಬಿಡ್ರಿ ಹಂಗಾರ. ಛಾಪಿಸಿ ನಾಳೆ ಕೊಟ್ಟರಾತು" ಎಂದರು ಮಾಸ್ತರರು.

ನನಗೆ ಸಮಾಧಾನವಾಗಲಿಲ್ಲ. ಮೊದಲ ಸಲ ಅರವತ್ತೆರಡು ಮಾಡಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿದಿತ್ತೆಂದು ಜನ್ನತಳೇ ಹೇಳಿದ್ದಳು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತೇ.

"ಮಾಸ್ತರ್ರ, ಮಾಗಡಿದು ಒಂದ ತಗದು ತೋರಸ್ರಿ. ನಾ ನೋಡದ ಒಪ್ಪಾಂವ ಅಲ್ಲ" ಅಂದೆ.

ಜನ್ನತಳಿಗೆ ನಾಚಿಕೆಯಾಯಿತು, ಅಜ್ಜಾ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಮಾಸ್ತರರು ನಕ್ಕು ಗುಂಡಿ ಒತ್ತಿದರು. ತಗಡಿಗೆ ಗರಗಸ ಹಾಕಿದ ಹಾಗೆ ಕರಕರ ಸಪ್ಪಳ ಮಾಡುತ್ತ ಹಾಳೆ ಮೇಲೆ ಬಂತು. ಮೇಲೆ ಮಾಗಡಿ. ಕೆಳಗೆ ಮೊದಲ ಹೆಸರು ಫಕ್ಕೀರಪ್ಪ.

ಜನ್ನತ ಕಟ್ಟಳೆ ಮತ್ತೆ ತೆರೆದು ನೋಡಿದಳು, ಸರಿಯಿತ್ತು. ಮಾಸ್ತರರು ನೋಡಿದರು, ಸರಿಯಿತ್ತು. ಮತ್ತೆ ಹೇಳಿದರು, ಮತ್ತೆ ಅದೇ ಸಾಲು, ಮಾಡುವುದು ಏನೂ ಉಳಿದಿಲ್ಲ. ಸೋಮವಾರಕ್ಕೆ ಒಂದೇ ರಾತ್ರಿ ಉಳಿದಿತ್ತು.

ಆಗ ನಾನು ಬಾಯಿ ಬಿಟ್ಟೆ. ತಿಳಿದು ಆಡಿದ ಮಾತಲ್ಲ, ಕಸುಬಿನಲ್ಲಿ ಕಂಡದ್ದನ್ನು ಆಡಿದೆ.

"ಜನ್ನೂ, ಅಚ್ಚು ತಿದ್ದಿದಿ, ಖರೆ. ಆದರ ಹಳೇ ಅಚ್ಚಿನಿಂದ ಬಣ್ಣಾ ಹೊಡದ ಅಂಡಗಿ ಪೇಟ್ಯಾಗ ನಿಂತಿರತಾವಲ್ಲ, ಅವು ತಾವ ತಿದ್ದಿಕೊಳ್ಳೂದಿಲ್ಲ. ಹಮಾಲ ಬಂದು ನೋಡ್ತಾನ, ಬಣ್ಣಾ ಹೊಡದೈತಿ ಅಂತಾನ, ಮುಂದ ಹೋಗ್ತಾನ. ಅಚ್ಚು ಬದಲಾಗೈತಿ ಅಂತ ಅವಗ ಯಾರು ಹೇಳಬೇಕು? ಅದಕ್ಕ ನಾ ಗ್ವಾಡಿ ಮ್ಯಾಲೆ ತಾರೀಖು ಬರಿಯೂದು. ಅಂಡಗಿ ತಾರೀಖಿಗಿಂತ ಅಚ್ಚಿನ ತಾರೀಖು ಹೊಸಾದಿದ್ದರ ಮತ್ತ ಹೊಡಿ ಅಂತ."

ಜನ್ನತ ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಪೇಟೆಯ ಕಣ್ಣುಗಳ ಲೆಕ್ಕ ಅವತ್ತು ಆ ಒಂದು ನೋಟದಿಂದ ಚುಕ್ತಾ ಆಯಿತು.

"ಮಾಸ್ತರ್ರ, ತಾರೀಖು," ಎಂದಳು.

ಆಮೇಲೆ ಅವಳು ನನಗೆ ತಿಳಿಸಿ ಹೇಳಿದ್ದು ಹೀಗೆ. ಆ ಮಷೀನು ತಾರೀಖು ಮತ್ತು ಗಂಟೆಯನ್ನು ಮಾತ್ರ ನೋಡುತ್ತದೆ. ಟೆಂಪ್ಲೇಟಾಗಲಿ ರೈತರ ಯಾದಿಯಾಗಲಿ ಕಾಗದಕ್ಕಿಂತ ಹೊಸದಿದ್ದರೆ ಕಾಗದ ಹಳತಾಯಿತು ಎಂದು ತಿಳಿದು ಮತ್ತೆ ಮಾಡುತ್ತದೆ. ಇಲ್ಲದಿದ್ದರೆ ಮುಟ್ಟುವುದಿಲ್ಲ. ಜನ್ನತ ತಿದ್ದಿದ್ದು ಟೆಂಪ್ಲೇಟನ್ನಲ್ಲ, ಯಾದಿಯನ್ನಲ್ಲ, ಕೂಡಿಸುವ ಕಟ್ಟಳೆಯನ್ನು. ಕಟ್ಟಳೆಯ ತಾರೀಖನ್ನೂ ನೋಡು ಎಂದು ಮಷೀನಿಗೆ ಯಾರೂ ಹೇಳಿರಲಿಲ್ಲ. ಹೀಗಾಗಿ ಅದು ನಮ್ಮ ಹಮಾಲನ ಹಾಗೆ, ಬಣ್ಣ ಹೊಡೆದಿದೆ ಎಂದು ಮುಂದೆ ಹೋಗುತ್ತಿತ್ತು.

ಅವಳು ಆ ಮೊದಲ ಸಾಲಿನಲ್ಲಿ, ಟೆಂಪ್ಲೇಟು ಮತ್ತು ಯಾದಿಯ ಪಕ್ಕದಲ್ಲೇ, ಕಟ್ಟಳೆಯ ಫೈಲಿನ ಹೆಸರನ್ನೂ ಸೇರಿಸಿದಳು. ಮತ್ತೆ ಹೇಳಿದಳು. ಈ ಸಲ ಊರುಗಳು ಒಂದರ ಕೆಳಗೊಂದು ಓಡತೊಡಗಿದವು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಮುಂದಿನ ಊರು. ಚಹಾ ತರಿಸಿದ್ದರು, ಕುಡಿದು ಮುಗಿಸುವ ಹೊತ್ತಿಗೆ ಊರುಗಳೂ ಮುಗಿದವು. ಮಾಗಡಿಯ ಹಾಳೆ ಕರಕರ ಅನ್ನುತ್ತ ಬಂತು. ಮೂರನೆಯ ಹೆಸರು ಶಂಕ್ರಪ್ಪ. ನಾನು ಆ ಹೆಸರಿನ ಮೇಲೆ ಬೆರಳಿಟ್ಟೆ.

ಆದರೂ ನಾನು ಬಿಡಲಿಲ್ಲ. ಒಂದು ಸರಿ ಬಂದರೆ ಎಲ್ಲ ಸರಿ ಎಂದು ನಂಬಿದ್ದಕ್ಕೇ ಇಷ್ಟಾಯಿತಲ್ಲ. ಅರವತ್ತೆರಡನ್ನೂ ನೋಡಬೇಕು ಅಂದೆ. ಸಂಘದವರು ಕೈಯಿಂದ ಬರೆದುಕೊಟ್ಟ ಯಾದಿಗಳನ್ನು ಮಾಸ್ತರರು ಹಿಡಿದರು, ಹೊಸ ಹಾಳೆಗಳನ್ನು ನಾನು ಹಿಡಿದು ಅಕ್ಷರಕ್ಕೆ ಅಕ್ಷರ ಕೂಡಿಸಿ ಹೆಸರು ಕೂಗಿದೆ. ಅವರು ಹೌದು ಎಂದ ಮೇಲೆಯೇ ಮುಂದಿನದು. ನನ್ನ ಓದು ಎತ್ತಿನ ಗಾಡಿಯ ಹಾಗೆ. ಮಾಸ್ತರರು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ನಲವತ್ತನೆಯ ಊರು ಮುಗಿದಾಗ ನೀರು ತಂದುಕೊಟ್ಟು, "ಅಜ್ಜಾರ, ನೀವು ಸಣ್ಣವರಿದ್ದಾಗ ಸಿಕ್ಕಿದ್ದರ ನಾ ನಿಮಗ ಇದನ್ನ ಕಲಿಸದ ಬಿಡತಿದ್ದಿಲ್ಲ ನೋಡ್ರಿ" ಎಂದರು. ಆಗ ನನ್ನ ಮನಸ್ಸಿಗೆ ಬಂತು, ಈ ಮನುಷ್ಯನ ಮಾತು ಹುಟ್ಟಿನಿಂದಲೇ ಮೃದು. ಬಿಳಿ ಧೋತರದವನ ಪಾಪವನ್ನು ನಾನು ಇವರ ತಲೆಗೆ ಕಟ್ಟಿದ್ದೆ. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಅರವತ್ತೆರಡೂ ಮುಗಿದವು.

ಏಳುವ ಮೊದಲು ಜನ್ನತ ಕೇಳಿದಳು, "ಅಜ್ಜಾ, ನಿನ್ನ ಕಚ್ಚು?"

ಟೆಂಪ್ಲೇಟಿನ ಬುಡದಲ್ಲಿ, ಕಡೆಯ ಅಕ್ಷರದ ಮುಂದೆ, ಒಂದು ಚುಕ್ಕೆ ಇಟ್ಟಳು. ಟೆಂಪ್ಲೇಟು ಹೊಸದಾಯಿತಲ್ಲ, ಮಷೀನು ತಾನೇ ತಿಳಿದುಕೊಂಡು ಅರವತ್ತೆರಡು ಊರಿಗೂ ಮತ್ತೆ ಓಡಿತು. ಎಲ್ಲ ಕಾಗದದ ಬುಡಕ್ಕೂ ಒಂದೊಂದು ಚುಕ್ಕೆ. ನಾನು ನಿಂತು ನಿಂತು ನಕ್ಕೆ. ಆ ಓಟವನ್ನು ಮಾತ್ರ ಮತ್ತೆ ಪರೀಕ್ಷೆ ಮಾಡಬೇಕೆಂದು ಹಠ ಹಿಡಿಯಲಿಲ್ಲ. ಐದಾರು ಹಾಳೆಯನ್ನಷ್ಟೇ ನೋಡಿದೆ.

ಸೋಮವಾರ ಸಂಘದಿಂದ ಅಧಿಕಾರಿ ಬಂದರು. ಕಟ್ಟಿನ ನಡುವಿನಿಂದ ತಮಗೆ ಬೇಕಾದ ಹಾಳೆಗಳನ್ನು ಎಳೆದು, ತಮ್ಮ ಪುಸ್ತಕಕ್ಕೆ ಹೋಲಿಸಿ ನೋಡಿದರಂತೆ. ಅವರೂ ನನ್ನ ಹಾಗೆ ನಂಬದ ಮನುಷ್ಯ ಇರಬೇಕು. ಒಂದೂ ತಪ್ಪು ಸಿಗಲಿಲ್ಲ. ಮಾಸ್ತರರು ಅಲ್ಲೇ ಜನ್ನತಳಿಗೆ ನಾಳೆಯಿಂದ ಹೆಣ್ಣುಮಕ್ಕಳ ತಂಡ ನಿನ್ನದು ಎಂದರು.

ಸಂಜೆ ಅವಳು ಬಂದು ಹೇಳಿದಾಗ ನಾನು ಉಳಿ ಎಲ್ಲಿಟ್ಟೆನೋ ಗೊತ್ತಿಲ್ಲ, ಎರಡು ದಿನ ಹುಡುಕಿದೆ. ಅವಳ ಚೀಲದಲ್ಲಿ ಎರಡು ಹಾಳೆಗಳಿದ್ದವು, ನಾನು ಕದ್ದ ಮಾಗಡಿಯ ಹಾಳೆ ಮತ್ತು ತಿದ್ದಿ ಬಂದ ಮಾಗಡಿಯ ಹಾಳೆ. ಹಿಟ್ಟಿನ ಅಂಟು ಮಾಡಿಕೊಂಡು ಪಡಸಾಲೆಯ ಗೋಡೆಗೆ, ನನ್ನ ಮಾರ್ಕುಗಳ ನಡುವೆ ಅಕ್ಕಪಕ್ಕ ಅಂಟಿಸಿದಳು, ಒಂದೊಂದರ ಕೆಳಗೂ ತಾರೀಖು ಬರೆದಳು. ಹುಸೇನಬಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿ, "ಇನ್ನ ಈ ಗ್ವಾಡಿಗೆ ಸುಣ್ಣಾ ಕಾಣೂ ಯೋಗ ಇಲ್ಲ" ಎಂದಳು. ಆದರೆ ಅಂಟಿನ ಹಿಟ್ಟು ಕಲಸಿಕೊಟ್ಟವಳು ಅವಳೇ.

ಅವತ್ತು ಪಡಸಾಲೆಯಲ್ಲೇ ಎಲ್ಲರೂ ಊಟಕ್ಕೆ ಕುಳಿತೆವು. ತಗಡು, ಸುತ್ತಿಗೆ, ಅಯಸ್ಕಾಂತ ಎಲ್ಲ ಮೂಲೆಗೆ ಸರಿದವು. ಬಿಸಿ ರೊಟ್ಟಿ, ಎಣ್ಣೆಗಾಯಿ, ದೊಡ್ಡ ಬೋಗುಣಿಯ ತುಂಬ ಗೋಧಿ ಹುಗ್ಗಿ. ಇಮಾಮನಿಗೆ ಎಲ್ಲವನ್ನೂ ನಾನೇ ಹೇಳಿದೆ, ಕದ್ದದ್ದನ್ನೂ ಬಿಡಲಿಲ್ಲ. ಅವನು ಮಗಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ತನ್ನ ತಾಟಿನ ಹುಗ್ಗಿಯಲ್ಲಿ ಅರ್ಧ ಅವಳ ತಾಟಿಗೆ ಹಾಕಿದ. ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಲೆಯ ಹೊಗೆ ಎಂದಳು. ಒಲೆ ಒಳಗಿತ್ತು, ನಾವು ಹೊರಗಿದ್ದೆವು. ಅದನ್ನೂ ನಾನು ಕೇಳಲು ಹೋಗಲಿಲ್ಲ.

ನನ್ನ ಅನುಮಾನ ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹೋಗುವುದು ಬೇಡ. ಕಾಗದವನ್ನು ನೋಡದೆ ಒಪ್ಪಬಾರದು ಎಂಬುದನ್ನು ಈಗ ಜನ್ನತಳೂ ತನ್ನ ಹುಡುಗಿಯರಿಗೆ ಮೊದಲ ಪಾಠದಲ್ಲೇ ಹೇಳುತ್ತಾಳೆ. ಆದರೆ ಕಾಗದವನ್ನು ನೋಡುವ ಕಣ್ಣಿನಿಂದ ಮನುಷ್ಯರನ್ನು ನೋಡಬಾರದಿತ್ತು, ಅದೊಂದು ನನಗೆ ತಡವಾಗಿ ತಿಳಿಯಿತು. ಹುಗ್ಗಿ ಬಡಿಸಿದಾಗ ಬೆಲ್ಲ ಸಾಕಾಗಿದೆಯೋ ಎಂದು ಮೊದಲು ಬೆರಳ ತುದಿಯಿಂದ ನೆಕ್ಕಿ ನೋಡುವವನು ನಾನು, ಮದುವೆಯಾದಾಗಿನಿಂದ. ಅವತ್ತೂ ಹುಸೇನಬಿ ಅದನ್ನೇ ಕಾಯುತ್ತ ನನ್ನ ಕೈ ನೋಡುತ್ತಿದ್ದಳು. ನಾನು ತುತ್ತು ತುಂಬ ತೆಗೆದುಕೊಂಡು ಸೀದಾ ಬಾಯಿಗಿಟ್ಟೆ.